ಸಿಸಿಎನ್‌ಎ ಓದಿಗೆ ಮನೆಯಲ್ಲಿ ಲ್ಯಾಬ್: 28 ಸಾವಿರದ ಕಿಟ್ ತಗೊಳ್ಳಲಾ?

ಪ್ರಶ್ನೆ: ಬಿಸಿಎ ಮುಗಿಸಿ ಎರಡು ವರ್ಷದಿಂದ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸ ಮಾಡುತ್ತಿದ್ದೇನೆ. ನೆಟ್‌ವರ್ಕಿಂಗ್ ಕಡೆ ಹೋಗಬೇಕು, ಅದಕ್ಕೆ ಸಿಸ್ಕೊ ಕಂಪನಿಯ ಸಿಸಿಎನ್‌ಎ ಸರ್ಟಿಫಿಕೇಟ್ ಪರೀಕ್ಷೆ ಬರೆಯಬೇಕು ಅಂತಿದ್ದೇನೆ. ಎಸ್‌ಪಿ ರೋಡಿನಲ್ಲಿ ಒಬ್ಬರು ‘ಸಿಸಿಎನ್‌ಎ ಲ್ಯಾಬ್ ಕಿಟ್’ ತೋರಿಸಿದರು. ಸಿಸ್ಕೊದ ಮೂರು 2811 ರೌಟರ್, ಮೂರು 2950 ಸ್ವಿಚ್, ಸೀರಿಯಲ್ ಕೇಬಲ್‌ಗಳು, ಒಂದು ಚಿಕ್ಕ ರ‍್ಯಾಕ್, ಎಲ್ಲ ಸೇರಿ 28 ಸಾವಿರ. ನನ್ನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ. ಟೆಲಿಗ್ರಾಂನಲ್ಲಿ ಐಓಎಸ್ ಇಮೇಜ್ (ಸಿಸ್ಕೊ ರೌಟರ್, ಸ್ವಿಚ್‌ಗಳ ಒಳಗೆ ಓಡುವ ಸಾಫ್ಟ್‌ವೇರ್ ಫೈಲ್) ಪುಕ್ಕಟೆ ಸಿಗುತ್ತದೆ ಅಂತ ಗೆಳೆಯ ಹೇಳುತ್ತಾನೆ. ಅಣ್ಣ ಅತ್ತಿಗೆ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ, ಪುಟ್ಟ ಮಗು ಇದೆ. ಕಿಟ್ ತಗೊಳ್ಳಲಾ, ಬೇಡವಾ?

ಉತ್ತರ: ಬೇಡ. ಆ ದುಡ್ಡನ್ನು ಮೊದಲು ಪಕ್ಕಕ್ಕೆ ಎತ್ತಿಡಿ.

ಸಿಸಿಎನ್‌ಎ ಪರೀಕ್ಷೆಯ ಶುಲ್ಕವೇ 300 ಡಾಲರ್. ಅದರ ಮೇಲೆ 18% ಜಿಎಸ್‌ಟಿ. ರೂಪಾಯಿಗೆ ತಿರುಗಿಸಿದರೆ ನಿಮ್ಮ ಕಿಟ್ಟಿನ ಬೆಲೆಯ ಆಸುಪಾಸಿಗೇ ಬರುತ್ತದೆ, ಇನ್ನೂ ಸ್ವಲ್ಪ ಜಾಸ್ತಿಯೇ. ಮೊದಲು ಲ್ಯಾಬ್ ಕಟ್ಟಿ, ಆಮೇಲೆ ಶುಲ್ಕಕ್ಕೆ ಕೈ ಖಾಲಿ ಆಗಿ, ಪರೀಕ್ಷೆಯನ್ನು ಆರು ತಿಂಗಳು ಮುಂದೆ ಹಾಕಿದವರನ್ನು ನೋಡಿದ್ದೇನೆ. ಅಷ್ಟು ಹೊತ್ತಿಗೆ ಓದಿದ್ದು ಅರ್ಧ ಮರೆತಿರುತ್ತದೆ.

ಇನ್ನೊಂದು, ಈ ಕಿಟ್ ಹಳೇ ಪರೀಕ್ಷೆಗೆ ಜೋಡಿಸಿದ್ದು. ಈಗ ನಡೆಯುವುದು 200-301. ಇದು 2020ರ ಫೆಬ್ರವರಿಯಲ್ಲಿ ಬಂತು, 2024ರ ಆಗಸ್ಟ್‌ನಲ್ಲಿ 1.1 ಅಂತ ಸ್ವಲ್ಪ ತಿದ್ದುಪಡಿ ಆಯಿತು. ಸೀರಿಯಲ್ ಕೇಬಲ್ ಬೇಕಾಗುತ್ತಿದ್ದುದು ಫ್ರೇಮ್ ರಿಲೇ, ಪಿಪಿಪಿ ಅನ್ನುವ, ದೂರದ ಕಚೇರಿಗಳನ್ನು ಜೋಡಿಸುವ ಹಳೇ ವಿಧಾನಗಳನ್ನು ಕಲಿಯುವುದಕ್ಕೆ. ಎರಡೂ ಪಠ್ಯದಿಂದ ಹೋಗಿವೆ. ರಿಪ್, ಇಐಜಿಆರ್‌ಪಿ ಅನ್ನುವ ರೌಟಿಂಗ್ ಪ್ರೊಟೊಕಾಲ್‌ಗಳನ್ನು ಕಾನ್ಫಿಗರ್ ಮಾಡುವುದೂ ಇಲ್ಲ. ಡೈನಾಮಿಕ್ ರೌಟಿಂಗ್ (ರೌಟರ್‌ಗಳು ತಾವೇ ಒಂದಕ್ಕೊಂದು ದಾರಿ ತಿಳಿಸಿಕೊಳ್ಳುವುದು) ಅಂದರೆ ಈಗ ಒಂದೇ ಏರಿಯಾದ ಓಎಸ್‌ಪಿಎಫ್, ಅಷ್ಟೇ. 2950 ಸ್ವಿಚ್‌ಗಳಲ್ಲಿ ಎಷ್ಟೋ ಕಡೆ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಕೂಡ ಇರುವುದಿಲ್ಲ, ಆದರೆ ಎಸ್‌ಎಸ್‌ಎಚ್ ಕಾನ್ಫಿಗರ್ ಮಾಡುವುದು ಪರೀಕ್ಷೆಗೆ ಬೇಕೇ ಬೇಕು. ಅಂದರೆ ನೀವು ದುಡ್ಡು ಕೊಟ್ಟು ತರುವುದು, ಈಗ ಯಾರೂ ಕೇಳದ ಪ್ರಶ್ನೆಗಳ ಉತ್ತರ.

ಮನೆಯ ವಿಷಯಕ್ಕೂ ಬರೋಣ. 2811ರ ಫ್ಯಾನ್ ಶುರುವಾದರೆ ಹಳೇ ಟೇಬಲ್ ಫ್ಯಾನ್ ಫುಲ್ ಸ್ಪೀಡಿನಲ್ಲಿ ಇಟ್ಟ ಹಾಗೆ. ಮೂರು ಒಟ್ಟಿಗೆ ಓಡಿದರೆ ಮಗು ಮಲಗಿದ ಹಾಗೆಯೇ. ಕರೆಂಟ್ ಲೆಕ್ಕವನ್ನೂ ಹಾಕಿ. ರೌಟರಿಗೆ ಸುಮಾರು 50 ವಾಟ್, ಸ್ವಿಚ್ಚಿಗೆ 30 ಅಂತ ಹಿಡಿದರೂ ಆರೂ ಸೇರಿ 240 ವಾಟ್. ‘ಇರಲಿ, ಆನ್ ಆಗಿಯೇ ಇರಲಿ’ ಅಂತ ಬಿಟ್ಟರೆ ತಿಂಗಳಿಗೆ 170 ಯೂನಿಟ್ ದಾಟುತ್ತದೆ. ನಿಮ್ಮ ಮನೆ ಗೃಹಜ್ಯೋತಿಯಲ್ಲಿದ್ದರೆ ಇದು ನೇರ ಅಣ್ಣನ ಜೇಬಿಗೆ ಕೈ ಹಾಕಿದ ಹಾಗೆ. ಹಳೇ ಸರಾಸರಿಯ ಮೇಲೆ ಸ್ವಲ್ಪ ಹೆಚ್ಚಿನ ತನಕ ಮಾತ್ರ ಉಚಿತ, ಒಟ್ಟು 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು.

ಹಾಗಾದರೆ ಲ್ಯಾಬೇ ಬೇಡವಾ? ಬೇಕು, ಖಂಡಿತ ಬೇಕು. ಆದರೆ ಲ್ಯಾಬ್ ಅಂದರೆ ಡಬ್ಬಗಳ ಸಾಲು ಅಲ್ಲ. ಬೇಕಂತಲೇ ಹಾಳು ಮಾಡಿ, ಎಲ್ಲಿ ಹಾಳಾಯಿತು ಅಂತ ಹುಡುಕುವ ಜಾಗ. ಅದಕ್ಕೆ ನಿಮ್ಮ 8 ಜಿಬಿ ಲ್ಯಾಪ್‌ಟಾಪ್ ಈಗಿರುವ ಹಾಗೆಯೇ ಸಾಕು.

ಪ್ಯಾಕೆಟ್ ಟ್ರೇಸರ್ ಹಾಕಿಕೊಳ್ಳಿ, ತೆರೆಯ ಮೇಲೆಯೇ ನೆಟ್‌ವರ್ಕ್ ಕಟ್ಟಿ ನೋಡುವ ಸಿಸ್ಕೊ ಸಾಫ್ಟ್‌ವೇರ್ ಅದು. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಒಂದು ಖಾತೆ ತೆರೆದರೆ ಉಚಿತ. ‘ಅದು ಬರೀ ಸಿಮ್ಯುಲೇಟರ್, ಮಕ್ಕಳ ಆಟ’ ಅಂತ ಹೇಳುವವರು ಸಿಗುತ್ತಾರೆ. ಸಿಮ್ಯುಲೇಟರ್ ಅನ್ನುವುದು ನಿಜ. ಒಳಗೆ ಓಡುವುದು ನಿಜವಾದ ಐಓಎಸ್ ಅಲ್ಲ, ಕೆಲವು ಕಮಾಂಡ್ ಕೊಟ್ಟರೆ ‘ಇನ್‌ವ್ಯಾಲಿಡ್ ಇನ್‌ಪುಟ್’ ಅಂತ ಮುಖ ತಿರುಗಿಸುತ್ತದೆ. ಆದರೆ ಸಿಸಿಎನ್‌ಎ ಮಟ್ಟಕ್ಕೆ ಬೇಕಾದ ಹೆಚ್ಚಿನದೆಲ್ಲ ಅದರಲ್ಲಿದೆ. ಮೇಲಾಗಿ, ನಿಜವಾದ ಡಬ್ಬ ಯಾವತ್ತೂ ತೋರಿಸದ ಒಂದನ್ನು ಅದು ತೋರಿಸುತ್ತದೆ.

ಇದನ್ನು ಇವತ್ತೇ ಮಾಡಿ ನೋಡಿ. ಎರಡು ರೌಟರ್ ಇಡಿ, ಒಂದು ಕೇಬಲ್ ಎಳೆಯಿರಿ, ಎರಡೂ ಕಡೆ ಐಪಿ ಕೊಟ್ಟು ‘ನೋ ಶಟ್‌ಡೌನ್’ನಿಂದ ಪೋರ್ಟ್ ಆನ್ ಮಾಡಿ, ಒಂದರಿಂದ ಇನ್ನೊಂದಕ್ಕೆ ಪಿಂಗ್ ಮಾಡಿ, ಅಂದರೆ ‘ಇದ್ದೀಯಾ’ ಅಂತ ಕೇಳುವ ಪ್ಯಾಕೆಟ್ ಕಳಿಸಿ. ಐದು ಪಿಂಗ್ ಹೋಗುತ್ತವೆ. ತೆರೆಯ ಮೇಲೆ ಮೊದಲು ಒಂದು ಚುಕ್ಕೆ, ಆಮೇಲೆ ನಾಲ್ಕು ಆಶ್ಚರ್ಯ ಚಿಹ್ನೆ. ಯಶಸ್ಸು 80%. ಏನೂ ತಪ್ಪಿಲ್ಲದೆ ಮೊದಲನೆಯದು ಯಾಕೆ ಬಿತ್ತು? ಇನ್ನೊಮ್ಮೆ ಪಿಂಗ್ ಮಾಡಿದರೆ ಐದಕ್ಕೆ ಐದು. ಈಗ ಫೈಲನ್ನು ಹೊಸದಾಗಿ ತೆರೆದು, ಕೆಳಗಿನ ಮೂಲೆಯಲ್ಲಿರುವ ಸಿಮ್ಯುಲೇಷನ್ ಮೋಡ್‌ಗೆ ಹೋಗಿ ಅದನ್ನೇ ಮಾಡಿ. ಪಿಂಗ್‌ನ ಲಕೋಟೆ ಹೊರಡುವ ಮುಂಚೆ ಬೇರೊಂದು ಬಣ್ಣದ ಲಕೋಟೆ ಹೊರಡುತ್ತದೆ. ಅದು ಎಆರ್‌ಪಿ. ‘ಈ ಐಪಿ ಯಾರದು, ನಿನ್ನ ಮ್ಯಾಕ್ ವಿಳಾಸ ಹೇಳು’ ಅಂತ ಕೇಳಿಕೊಂಡು ಹೋಗುತ್ತದೆ. ಉತ್ತರ ಬರುವ ತನಕ ಕೈಯಲ್ಲಿದ್ದ ಮೊದಲ ಪಿಂಗನ್ನು ರೌಟರ್ ಬಿಸಾಕುತ್ತದೆ. ಆ ಚುಕ್ಕೆ ಅದೇ. ಎಆರ್‌ಪಿ ಬಗ್ಗೆ ಪುಸ್ತಕದಲ್ಲಿ ಹತ್ತು ಪುಟ ಓದಿದರೂ ಸಿಗದ ಸ್ಪಷ್ಟತೆ ಇಲ್ಲಿ ಐದು ನಿಮಿಷಕ್ಕೆ ಸಿಗುತ್ತದೆ.

ಪರೀಕ್ಷೆಯಲ್ಲಿ ಯಾವುದಕ್ಕೆ ಎಷ್ಟು ತೂಕ ಅಂತಲೂ ತಿಳಿದಿರಲಿ. ಐಪಿ ಕನೆಕ್ಟಿವಿಟಿ, ಅಂದರೆ ರೌಟಿಂಗ್, 25%. ನೆಟ್‌ವರ್ಕ್‌ನ ಮೂಲಪಾಠ 20, ಸ್ವಿಚಿಂಗ್ ಮತ್ತು ವೈರ್‌ಲೆಸ್ 20, ಸೆಕ್ಯುರಿಟಿ 15, ಐಪಿ ಸರ್ವಿಸಸ್ 10, ಆಟೊಮೇಷನ್ 10. ವೈರ್‌ಲೆಸ್ ಕಂಟ್ರೋಲರ್ ಪ್ಯಾಕೆಟ್ ಟ್ರೇಸರ್ ಒಳಗೇ ಇದೆ, ಅದರ ವೆಬ್ ಪುಟದಲ್ಲಿ ಎಸ್‌ಎಸ್‌ಐಡಿ (ವೈಫೈ ಹೆಸರು) ಮಾಡಿ ನೋಡಬಹುದು. ಅದನ್ನು ಕಬ್ಬಿಣದಲ್ಲಿ ಕೊಳ್ಳುವ ಮಾತೇ ಬೇಡ. ಆಟೊಮೇಷನ್‌ಗೆ ಸಿಸ್ಕೊ ಡೆವ್‌ನೆಟ್ ಸ್ಯಾಂಡ್‌ಬಾಕ್ಸ್ ಅನ್ನುವ ಆನ್‌ಲೈನ್ ಲ್ಯಾಬ್ ಉಚಿತವಾಗಿ ಸಿಗುತ್ತದೆ. ಜೇಸನ್ ಮಾದರಿಯಲ್ಲಿ ಬರೆದ ಡೇಟಾ ಓದಲು ಬಂದರೆ, ಆನ್ಸಿಬಲ್ ಮತ್ತು ಟೆರಾಫಾರ್ಮ್ ಅನ್ನುವ ಆಟೊಮೇಷನ್ ಟೂಲ್‌ಗಳು ಏನು ಮಾಡುತ್ತವೆ ಅಂತ ಹೇಳಲು ಬಂದರೆ ಈ ಪರೀಕ್ಷೆಗೆ ಸಾಕು.

ಈಗ ಹಾಳು ಮಾಡುವ ವಿಷಯ. ಇದೇ ಮುಖ್ಯ, ಆದ್ದರಿಂದ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಹೆಚ್ಚಿನವರು ಲ್ಯಾಬ್ ಮಾಡುವುದು ಹೀಗೆ: ವಿಡಿಯೊ ಹಾಕಿಕೊಂಡು, ಅವರು ಟೈಪ್ ಮಾಡಿದ್ದನ್ನೇ ಟೈಪ್ ಮಾಡಿ, ಪಿಂಗ್ ಹೋಯಿತು ಅಂದಕೂಡಲೇ ಮುಚ್ಚಿಡುವುದು. ಇದರಿಂದ ಟೈಪಿಂಗ್ ಚೆನ್ನಾಗಿ ಬರುತ್ತದೆ. ನೀವು ಹೀಗೆ ಮಾಡಿ. ಲ್ಯಾಬ್ ಪೂರ್ತಿ ಕೆಲಸ ಮಾಡಿದ ಮೇಲೆ ಆ ಫೈಲಿನ ನಾಲ್ಕು ನಕಲು ಮಾಡಿ. ಒಂದೊಂದರಲ್ಲೂ ಒಂದೇ ಒಂದು ತಪ್ಪು ತುರುಕಿ. ಒಂದರಲ್ಲಿ ಓಎಸ್‌ಪಿಎಫ್ ಹಲೋ ಟೈಮರ್ (ಪಕ್ಕದ ರೌಟರಿಗೆ ಎಷ್ಟು ಹೊತ್ತಿಗೊಮ್ಮೆ ‘ಇದ್ದೇನೆ’ ಅನ್ನಬೇಕು ಅನ್ನುವುದು) ಒಂದೇ ಕಡೆ ಬದಲಿಸಿ. ಇನ್ನೊಂದರಲ್ಲಿ ವೈಲ್ಡ್‌ಕಾರ್ಡ್ ಮಾಸ್ಕ್ (ಯಾವ ಐಪಿಗಳು ಸೇರಬೇಕು ಅಂತ ಹೇಳುವ ಸಂಖ್ಯೆ) ತಪ್ಪಾಗಿ ಕೊಡಿ. ಮತ್ತೊಂದರಲ್ಲಿ ಪಕ್ಕದ ರೌಟರಿನ ಕಡೆಗಿರುವ ಇಂಟರ್‌ಫೇಸನ್ನೇ ಪ್ಯಾಸಿವ್ (ಹಲೋ ಕಳಿಸದ ಹಾಗೆ) ಮಾಡಿ. ಕೊನೆಯದರಲ್ಲಿ ಟ್ರಂಕ್‌ನ ನೇಟಿವ್ ವಿಲ್ಯಾನ್ ಎರಡು ಕಡೆ ಬೇರೆಬೇರೆ ಇಡಿ. (ವಿಲ್ಯಾನ್ ಅಂದರೆ ಒಂದೇ ಸ್ವಿಚ್ಚಿನೊಳಗೆ ವಿಂಗಡಿಸಿದ ಬೇರೆಬೇರೆ ನೆಟ್‌ವರ್ಕ್; ಟ್ರಂಕ್ ಅಂದರೆ ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಕೊಂಡಿ.) ಫೈಲುಗಳಿಗೆ ಒಂದು, ಎರಡು, ಮೂರು ಅಂತ ಹೆಸರಿಟ್ಟು ಒಂದು ವಾರ ಮುಟ್ಟಬೇಡಿ. ಯಾವುದರಲ್ಲಿ ಏನು ಮಾಡಿದ್ದೆ ಅಂತ ಮರೆಯಬೇಕು. ಆಮೇಲೆ ತೆರೆದು ಹುಡುಕಿ. ಒಂದೇ ಷರತ್ತು, ಪೂರ್ತಿ ಕಾನ್ಫಿಗ್ ಒಟ್ಟಿಗೆ ತೋರಿಸುವ ‘ಶೋ ರನ್’ ಕೊಡಬಾರದು. ‘ಶೋ ಐಪಿ ಓಎಸ್‌ಪಿಎಫ್ ನೇಬರ್’, ‘ಶೋ ಐಪಿ ಓಎಸ್‌ಪಿಎಫ್ ಇಂಟರ್‌ಫೇಸ್’, ‘ಶೋ ಇಂಟರ್‌ಫೇಸಸ್ ಟ್ರಂಕ್’ ಇಂಥವುಗಳಿಂದಲೇ ಕಂಡುಹಿಡಿಯಬೇಕು. ಮೊದಲ ಸಲ ಒಂದು ಫೈಲಿಗೆ ಮುಕ್ಕಾಲು ಗಂಟೆ ಹಿಡಿಯಬಹುದು. ಹತ್ತನೇ ಸಲಕ್ಕೆ ಐದು ನಿಮಿಷ. ಸಿಸಿಎನ್‌ಎಯಲ್ಲಿ 120 ನಿಮಿಷ, ಮುಂದಕ್ಕೆ ಹೋದ ಮೇಲೆ ಹಿಂದಿನ ಪ್ರಶ್ನೆಗೆ ಬರಲು ಆಗುವುದಿಲ್ಲ. ಅಲ್ಲಿ ಉಳಿಸುವುದು ಈ ವೇಗವೇ.

ಇದರ ಬೆಲೆ ನನಗೆ ಗೊತ್ತಾಗಿದ್ದು ಒಂದು ರಾತ್ರಿ. ಆಗ ಕೆಲಸಕ್ಕೆ ಸೇರಿ ಒಂದೂವರೆ ವರ್ಷ. ಒಂದು ಕಚೇರಿಯಲ್ಲಿ ಹೊಸ ವಿಲ್ಯಾನ್ 30ನ್ನು ಟ್ರಂಕ್‌ಗೆ ಸೇರಿಸಬೇಕಿತ್ತು. ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೋಡ್ ವಿಲ್ಯಾನ್ 30’ ಅಂತ ಹೊಡೆದು ಎಂಟರ್ ಒತ್ತಿದೆ. ಸ್ವಿಚ್ ಏನೂ ಅನ್ನಲಿಲ್ಲ. ಕರ್ಸರ್ ಮಾತ್ರ ಅಲ್ಲೇ ನಿಂತಿತು. ಯಾಕಂದರೆ 30ಕ್ಕೆ ಮುಂಚೆ ‘ಆ್ಯಡ್’ ಹಾಕಿರಲಿಲ್ಲ. ಆ್ಯಡ್ ಇಲ್ಲದಿದ್ದರೆ ಸೇರಿಸುವುದಲ್ಲ, ಇದ್ದದ್ದೆಲ್ಲ ಅಳಿಸಿ 30 ಒಂದನ್ನೇ ಉಳಿಸುತ್ತದೆ. ನಾನು ದೂರದಿಂದ ಒಳಗೆ ಬಂದಿದ್ದ ಮ್ಯಾನೇಜ್‌ಮೆಂಟ್ ವಿಲ್ಯಾನ್ ಕೂಡ ಅದರಲ್ಲೇ ಹೋಯಿತು. ಕೂತ ಕೊಂಬೆಯನ್ನೇ ಕಡಿದ ಹಾಗೆ. ಎರಡು ಮಹಡಿ ಸಂಪರ್ಕ ಇಲ್ಲದೆ ಕೂತವು, ನಾನು ಸ್ವಿಚ್ಚಿಗೆ ನೇರ ಜೋಡಿಸುವ ಕನ್ಸೋಲ್ ಕೇಬಲ್ ಹಿಡಿದು ಆಟೊ ಹುಡುಕಿಕೊಂಡು ಹೊರಟೆ. ಇವತ್ತಿಗೂ ದೂರದಿಂದ ಟ್ರಂಕ್ ಮುಟ್ಟುವ ಮುಂಚೆ ‘ರೀಲೋಡ್ ಇನ್ 10’ ಕೊಡುತ್ತೇನೆ. ಕೈ ತಪ್ಪಿದರೆ ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ರೀಬೂಟ್ ಆಗಿ, ಸೇವ್ ಮಾಡಿದ ಹಳೇ ಕಾನ್ಫಿಗ್‌ಗೆ ಮರಳುತ್ತದೆ. ಎಲ್ಲ ಸರಿ ಇದ್ದರೆ ‘ರೀಲೋಡ್ ಕ್ಯಾನ್ಸಲ್’. ಈ ತಪ್ಪನ್ನು ನೀವು ನಿಮ್ಮ ಲ್ಯಾಬಿನಲ್ಲಿ, ಕಾಫಿ ಕುಡಿಯುತ್ತ ಮಾಡಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ನಿಜವಾದ ಸ್ವಿಚ್ ತಗೊಳ್ಳಿ ಅಂತಲೇ ಹೇಳುತ್ತೇನೆ. ಒಂದೇ ಒಂದು. ಕಪ್ಪು ತೆರೆಯ ಮೇಲೆ ಸ್ವಿಚ್ ಬೂಟ್ ಆಗುವುದನ್ನು ನೋಡುವುದು, ಪಾಸ್‌ವರ್ಡ್ ಗೊತ್ತಿಲ್ಲದ ಡಬ್ಬವನ್ನು ಒಳಗಿನಿಂದ ತೆರೆಯುವುದು, ಪೋರ್ಟಿನ ಲೈಟ್ ಹಳದಿಯಿಂದ ಹಸಿರಾಗಲು ಅರ್ಧ ನಿಮಿಷ ಕಾಯುವುದು, ಇವೆಲ್ಲ ಲ್ಯಾಪ್‌ಟಾಪ್‌ನಲ್ಲಿ ಮೈಗೆ ಹತ್ತುವುದಿಲ್ಲ. ಡೆಸ್ಕ್‌ಟಾಪ್ ಸಪೋರ್ಟ್‌ನವರಿಗೆ ಕೈಯಾರೆ ಮುಟ್ಟಿ ಅಭ್ಯಾಸ, ಅಲ್ವಾ? ಆ ಅಭ್ಯಾಸ ಬಿಡಬೇಡಿ.

ಅದೇ ಅಂಗಡಿಯವರ ಹತ್ತಿರ 2960 ಕೇಳಿ. ಮಾಡೆಲ್ ನಂಬರಿನ ಕೊನೆಯಲ್ಲಿ ‘ಎಲ್’ ಇರಲಿ, 2960-24ಟಿಸಿ-ಎಲ್ ಅನ್ನುವ ಹಾಗೆ. ‘ಎಲ್’ ಅಂದರೆ ಲ್ಯಾನ್ ಬೇಸ್. ‘ಎಸ್’ ಇದ್ದರೆ ಲ್ಯಾನ್ ಲೈಟ್, ಅದರಲ್ಲಿ ಸೌಲಭ್ಯ ಕಡಿಮೆ. ಲ್ಯಾನ್ ಬೇಸ್‌ನಲ್ಲಿ ಸ್ವಲ್ಪ ಹೊಸ ಐಓಎಸ್ ಇದ್ದರೆ ‘ಎಸ್‌ಡಿಎಂ ಪ್ರಿಫರ್ ಲ್ಯಾನ್‌ಬೇಸ್-ರೌಟಿಂಗ್’ ಕೊಟ್ಟು ರೀಬೂಟ್ ಮಾಡಿ, ವಿಲ್ಯಾನ್‌ಗಳ ನಡುವೆ ಸ್ಟಾಟಿಕ್ ರೌಟಿಂಗ್ ಕೂಡ ಮಾಡಿಸಬಹುದು. ರೌಟರ್ ಇಲ್ಲದೆಯೇ! ಎಂಟು ಪೋರ್ಟಿನ 2960-ಸಿ ಸಿಕ್ಕರೆ ನಿಮ್ಮ ಪುಣ್ಯ, ಅದರಲ್ಲಿ ಫ್ಯಾನೇ ಇಲ್ಲ, ಮಗು ಎದ್ದೇಳುವುದಿಲ್ಲ.

ದುಡ್ಡು ಕೊಡುವ ಮುಂಚೆ ಲ್ಯಾಪ್‌ಟಾಪ್ ಮತ್ತು ಕನ್ಸೋಲ್ ಕೇಬಲ್ ತಗೊಂಡು ಹೋಗಿ, ಅಂಗಡಿಯಲ್ಲೇ ಹಚ್ಚಿ ನೋಡಿ. ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ ಆರ್‌ಜೆ-45 ಇರುವ ಕೇಬಲ್ ಸಿಗುತ್ತದೆ, ಎಫ್‌ಟಿಡಿಐ ಚಿಪ್ ಇರುವುದನ್ನು ಕೇಳಿ. ಅಗ್ಗದ ಕೇಬಲ್‌ಗಳಲ್ಲಿ ನಕಲಿ ಪ್ರೊಲಿಫಿಕ್ ಚಿಪ್ ಇರುತ್ತದೆ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ‘ಕೋಡ್ 10’ ಅಂತ ತೋರಿಸಿ ಸುಮ್ನೆ ಕೂರುತ್ತದೆ, ನೀವು ಸ್ವಿಚ್ಚೇ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಪುಟ್ಟಿ ಅನ್ನುವ ಟರ್ಮಿನಲ್ ಸಾಫ್ಟ್‌ವೇರಿನಲ್ಲಿ ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ ಇಲ್ಲ. ಬೂಟ್ ಆದ ಮೇಲೆ ‘ಶೋ ವರ್ಷನ್’ ನೋಡಿ. ಇಮೇಜ್ ಫೈಲಿನ ಹೆಸರಿನಲ್ಲಿ ‘ಕೆ9’ ಇದ್ದರೆ ಮಾತ್ರ ಎಸ್‌ಎಸ್‌ಎಚ್ ಇರುತ್ತದೆ. ಬೂಟ್ ಆಗದೆ ‘ಸ್ವಿಚ್’ ಅಂತ ಕೋಲನ್ ಜೊತೆ ನಿಂತರೆ ಹೆಚ್ಚಾಗಿ ಫ್ಲಾಶ್‌ನಲ್ಲಿ ಐಓಎಸ್ ಇಲ್ಲ ಅಂತ ಅರ್ಥ. ‘ಲೋಡ್ ಮಾಡ್ಕೊಳ್ಳಿ ಸಾರ್, ಈಸಿ’ ಅಂತಾರೆ. ಕನ್ಸೋಲ್ ಮೂಲಕ 9600 ವೇಗದಲ್ಲಿ 11 ಎಂಬಿ ಕಳಿಸಲು ಮೂರು ಗಂಟೆಗೂ ಮೇಲೆ ಬೇಕು. ಬಿಟ್ಟು ಬನ್ನಿ.

ಪಾಸ್‌ವರ್ಡ್ ಕೇಳಿದರೆ ಮಾತ್ರ ಹೆದರಬೇಡಿ, ಅದು ಒಳ್ಳೇ ಪಾಠ. ಪವರ್ ಕೇಬಲ್ ಕಿತ್ತು, ಮುಂಭಾಗದ ‘ಮೋಡ್’ ಗುಂಡಿಯನ್ನು ಒತ್ತಿ ಹಿಡಿದೇ ಮತ್ತೆ ಪವರ್ ಕೊಡಿ. ಪ್ರಾಂಪ್ಟ್ ಬಂದ ಮೇಲೆ ‘ಫ್ಲಾಶ್_ಇನಿಟ್’ ಕೊಟ್ಟು, ಫ್ಲಾಶ್‌ನಲ್ಲಿರುವ ‘ಕಾನ್ಫಿಗ್.ಟೆಕ್ಸ್ಟ್’ ಫೈಲಿಗೆ ಬೇರೆ ಹೆಸರಿಟ್ಟು, ‘ಬೂಟ್’ ಅನ್ನಿ. ಕಾನ್ಫಿಗ್ ಸಿಗದೆ ಸ್ವಿಚ್ ಹೊಸದರ ಹಾಗೆ ಏಳುತ್ತದೆ.

ಹಳೇ ಸ್ವಿಚ್ಚಿಗೆ ಹೊಸ ಲಿನಕ್ಸ್‌ನಿಂದ ಎಸ್‌ಎಸ್‌ಎಚ್ ಮಾಡಲು ಹೋದರೆ ಕೀ ಎಕ್ಸ್‌ಚೇಂಜ್ ಹೊಂದಾಣಿಕೆ ಆಗಲಿಲ್ಲ ಅಂತ ಬೈಯುತ್ತದೆ. ನಿಮ್ಮ ತಪ್ಪಲ್ಲ. ಸ್ವಿಚ್ಚಿಗೆ ಗೊತ್ತಿರುವ ಹಳೇ ವಿಧಾನಗಳನ್ನು ಹೊಸ ಓಪನ್‌ಎಸ್‌ಎಸ್‌ಎಚ್ ಸುರಕ್ಷಿತ ಅಲ್ಲ ಅಂತ ಬಿಟ್ಟುಬಿಟ್ಟಿದೆ. ಲ್ಯಾಬಿಗೆ ಮಾತ್ರ ಅಂತ ಕ್ಲೈಂಟ್‌ನಲ್ಲಿ ಅವನ್ನು ಮತ್ತೆ ಆನ್ ಮಾಡಿಕೊಳ್ಳಬಹುದು.

ಒಂದು ಎಚ್ಚರಿಕೆ: ಲ್ಯಾಬ್ ಕೇಬಲನ್ನು ಮನೆಯ ವೈಫೈ ರೌಟರಿಗೆ ಹಾಕಬೇಡಿ. ನಾನು ಹಾಕಿದ್ದೆ. ಲ್ಯಾಬ್ ರೌಟರಿನಲ್ಲಿ ಡಿಎಚ್‌ಸಿಪಿ ಪೂಲ್ (ಕೇಳಿದವರಿಗೆ ಐಪಿ ಹಂಚುವ ವ್ಯವಸ್ಥೆ) ಮಾಡಿ ಮರೆತು, ಇಂಟರ್ನೆಟ್ ಬೇಕಿತ್ತು ಅಂತ ಕೇಬಲ್ ಚುಚ್ಚಿ ಕೆಲಸಕ್ಕೆ ಹೋಗಿಬಿಟ್ಟೆ. ಮನೆಯವರ ಫೋನು, ಟಿವಿ ‘ನನಗೊಂದು ಐಪಿ ಕೊಡಿ’ ಅಂತ ಕೂಗಿದಾಗ ಯಾರು ಮೊದಲು ಉತ್ತರ ಕೊಟ್ಟರೋ ಅವರೇ ಗೆದ್ದರು. ಗೆದ್ದದ್ದು ನನ್ನ ಲ್ಯಾಬ್. ಅದು ಕೊಟ್ಟ ಗೇಟ್‌ವೇಯಿಂದ ಎಲ್ಲಿಗೂ ದಾರಿ ಇರಲಿಲ್ಲ. ಅಪ್ಪ ಕ್ರಿಕೆಟ್ ನಡುವೆ ನನಗೆ ಫೋನ್ ಮಾಡಿ ಆಡಿದ ಮಾತು ಇಲ್ಲಿ ಬರೆಯುವ ಹಾಗಿಲ್ಲ.

ಪರೀಕ್ಷೆಯಲ್ಲಿ ಬರುವ ಡಿಎಚ್‌ಸಿಪಿ ಸ್ನೂಪಿಂಗ್ ಇರುವುದು ಇಂಥ ಅಧಿಕಪ್ರಸಂಗಿ ಸರ್ವರ್‌ಗಳನ್ನು ತಡೆಯಲಿಕ್ಕೇ. ನಿಜವಾದ ಸರ್ವರ್ ಇರುವ ಪೋರ್ಟನ್ನು ಮಾತ್ರ ‘ಟ್ರಸ್ಟ್’ ಮಾಡಿದರೆ ಉಳಿದ ಪೋರ್ಟ್‌ಗಳಿಂದ ಬರುವ ಡಿಎಚ್‌ಸಿಪಿ ಉತ್ತರಗಳನ್ನು ಸ್ವಿಚ್ ಎಸೆಯುತ್ತದೆ. ಇದರಲ್ಲೊಂದು ಕಿರಿಕಿರಿ ಇದೆ. ಎಲ್ಲ ಸರಿಯಾಗಿ ಮಾಡಿದರೂ, ಸಿಸ್ಕೊ ರೌಟರೇ ಡಿಎಚ್‌ಸಿಪಿ ಸರ್ವರ್ ಆಗಿದ್ದರೆ ಪಿಸಿಗೆ ಐಪಿ ಬರುವುದಿಲ್ಲ. ಸ್ನೂಪಿಂಗ್ ಆನ್ ಆದಾಗ ಸ್ವಿಚ್ ಪ್ರತಿ ಕೋರಿಕೆಗೂ ‘ಆಪ್ಷನ್ 82’ ಅನ್ನುವ ಚೀಟಿ ಅಂಟಿಸುತ್ತದೆ. ರಿಲೇ ವಿಳಾಸ ಖಾಲಿ ಇದ್ದೂ ಚೀಟಿ ಇದೆಯಲ್ಲ ಅಂತ ರೌಟರ್ ಅದನ್ನು ತಿರಸ್ಕರಿಸುತ್ತದೆ. ಸ್ವಿಚ್ಚಿನಲ್ಲಿ ‘ನೋ ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ಇನ್‌ಫರ್ಮೇಷನ್ ಆಪ್ಷನ್’ ಕೊಟ್ಟರೆ ಸರಿಹೋಗುತ್ತದೆ. ಇದಕ್ಕೆ ಒಂದು ಭಾನುವಾರ ಪೂರ್ತಿ ಕಳೆದವನು ನಾನು.

ಇನ್ನು ಟೆಲಿಗ್ರಾಂ ಇಮೇಜ್. ಬೇಡ. ಸಿಸ್ಕೊ ಇಮೇಜ್‌ಗಳಿಗೆ ಲೈಸೆನ್ಸ್ ಇದೆ, ಹಾಗೆ ಹಂಚುವುದು ಅಕ್ರಮ. ಆ ಫೈಲಿನ ಜೊತೆ ಇನ್ನೇನು ಬರುತ್ತದೋ ಯಾರಿಗೆ ಗೊತ್ತು. ನೀವು ಅದೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕ್ ಕೆಲಸವನ್ನೂ ಮಾಡುತ್ತೀರಿ. ಇಮೇಜ್‌ಗಳನ್ನು ಲ್ಯಾಪ್‌ಟಾಪ್‌ನಲ್ಲೇ ಓಡಿಸುವ ಜಿಎನ್‌ಎಸ್3, ಈವ್-ಎನ್‌ಜಿ ಎರಡೂ ಒಳ್ಳೇ ಪಾತ್ರೆಗಳು, ಆದರೆ ಖಾಲಿ ಪಾತ್ರೆಗಳು. ಅಕ್ಕಿ, ಅಂದರೆ ಇಮೇಜ್, ನೀವೇ ತರಬೇಕು. ನ್ಯಾಯವಾದ ಅಕ್ಕಿ ಬೇಕೆಂದರೆ ಎಫ್‌ಆರ್‌ಆರ್ ಅನ್ನುವ ರೌಟಿಂಗ್ ಸಾಫ್ಟ್‌ವೇರ್ ಇದೆ. ಲಿನಕ್ಸ್ ಮೇಲೆ ಓಡುತ್ತದೆ, ಪೂರ್ತಿ ಉಚಿತ, ಓಎಸ್‌ಪಿಎಫ್ ಕಮಾಂಡ್‌ಗಳು ಸಿಸ್ಕೊದವುಗಳ ಹಾಗೆಯೇ ಇವೆ. ನಿಜವಾದ ಸಿಸ್ಕೊ ಸಾಫ್ಟ್‌ವೇರೇ ಬೇಕೆಂದರೆ ಸಿಸ್ಕೊ ಮಾಡೆಲಿಂಗ್ ಲ್ಯಾಬ್ಸ್‌ನ ಉಚಿತ ಆವೃತ್ತಿಯಲ್ಲಿ ಒಂದು ಸಲಕ್ಕೆ 5 ನೋಡ್ (ರೌಟರ್, ಸ್ವಿಚ್‌ನಂಥ ಸಾಧನ) ಓಡಿಸಬಹುದು. 20 ನೋಡ್‌ನ ಪರ್ಸನಲ್ ಆವೃತ್ತಿಗೆ ವರ್ಷಕ್ಕೆ 199 ಡಾಲರ್, ಸಿಸಿಎನ್‌ಎಗೆ ಅಷ್ಟು ಬೇಡ. ಆದರೆ 8 ಜಿಬಿಯಲ್ಲಿ ಇದು ಉಸಿರಾಡುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ರ‍್ಯಾಮ್ ಸ್ಲಾಟ್ ಖಾಲಿ ಇದೆಯಾ ನೋಡಿ. ಇದ್ದರೆ 16 ಜಿಬಿ ಮಾಡಿಸಿ, ಬಯೋಸ್‌ನಲ್ಲಿ ವರ್ಚುವಲೈಸೇಷನ್ ಆನ್ ಮಾಡಿ. ಕಿಟ್‌ಗೆ ಸುರಿಯುವ ದುಡ್ಡಿನಲ್ಲಿ ಒಂದಷ್ಟು ಹೀಗೆ ಹೋದರೆ ಬೇಜಾರಿಲ್ಲ. ಪರೀಕ್ಷೆ ಆದ ಮೇಲೂ ರ‍್ಯಾಮ್ ಕೆಲಸಕ್ಕೆ ಬರುತ್ತದೆ.

ಸ್ವಿಚ್ಚನ್ನು ಪರೀಕ್ಷೆ ಮುಗಿದ ಮೇಲೆ ಇನ್ನೊಬ್ಬರಿಗೆ ಮಾರಿಬಿಡಿ, ಹಾಕಿದ್ದರಲ್ಲಿ ಬಹುಪಾಲು ವಾಪಸ್ ಬರುತ್ತದೆ. ಮಾರುವ ಮುಂಚೆ ಖಾಲಿ ಮಾಡಿ ಕೊಡಿ. ನಾನು ಸೆಕೆಂಡ್‌ಹ್ಯಾಂಡ್ ತಂದ ಮೊದಲ ಸ್ವಿಚ್ಚಿನಲ್ಲಿ ಹಿಂದಿನ ಕಚೇರಿಯ ವಿಲ್ಯಾನ್‌ಗಳೆಲ್ಲ ಹಾಗೇ ಇದ್ದವು. ಅಕೌಂಟ್ಸ್, ಸಿಸಿಟಿವಿ, ಡೈರೆಕ್ಟರ್ ಅಂತ ಹೆಸರು ಸಮೇತ. ಅವರು ‘ರೈಟ್ ಇರೇಸ್’ ಕೊಟ್ಟಿದ್ದರು, ಕಾನ್ಫಿಗ್ ಖಾಲಿಯೇ ಇತ್ತು. ಆದರೆ ವಿಲ್ಯಾನ್‌ಗಳು ಕೂರುವುದು ಫ್ಲಾಶ್‌ನಲ್ಲಿ, ‘ವಿಲ್ಯಾನ್.ಡ್ಯಾಟ್’ ಅನ್ನುವ ಬೇರೆ ಫೈಲಿನಲ್ಲಿ. ‘ಡಿಲೀಟ್ ಫ್ಲಾಶ್:ವಿಲ್ಯಾನ್.ಡ್ಯಾಟ್’ ಅಂತ ಬೇರೆಯಾಗಿ ಅಳಿಸಬೇಕು, ಆಮೇಲೆ ರೀಲೋಡ್. ನೀವು ತಂದ ದಿನವೂ ಮೊದಲು ಇದನ್ನೇ ಮಾಡಿ.